ಅಲ್ಪಮಾಯೊ ಯೋಜನೆ: ಇಳಿಯುವ ಲೆಕ್ಕದಿಂದ ಶುರು

ಗುರಿ: ಪೆರುವಿನ ಕಾರ್ಡಿಯೆರಾ ಬ್ಲಾಂಕಾ ಶ್ರೇಣಿಯ ಅಲ್ಪಮಾಯೊ, 5,947 ಮೀಟರ್.
ದಾರಿ: ನೈಋತ್ಯ ಮುಖದ ಫ್ರೆಂಚ್ ಡೈರೆಕ್ಟ್.
ತಂಡ: ಇಬ್ಬರು.
ಕಾಲ: ಜೂನ್-ಜುಲೈ, ಬೆಂಗಳೂರಿನಿಂದ ಹೊರಟು ಬೆಂಗಳೂರಿಗೆ ಮರಳಲು 26 ದಿನ.

ಈ ಲಾಗ್ ತುದಿಯಿಂದ ಬುಡಕ್ಕೆ ಓಡುತ್ತದೆ. ಅಲ್ಪಮಾಯೊಗೆ ನಡೆದು ಇಳಿಯುವ ಹಿಂಬಾಗಿಲಿಲ್ಲ. ಹತ್ತಿದ ಗೋಡೆಯಲ್ಲೇ ಹಗ್ಗಕ್ಕೆ ನೇತುಬಿದ್ದು ಇಳಿಯಬೇಕು. ಆದ್ದರಿಂದ ಹಗ್ಗದ ಉದ್ದ, ಹಗ್ಗಕ್ಕೆ ಆಧಾರ ಕಟ್ಟುವ ಹುರಿಯ ಮೀಟರ್, ಗ್ಯಾಸ್ ಡಬ್ಬಿ, ಏಳುವ ಹೊತ್ತು, ಕೊನೆಗೆ ವಿಮಾನದ ಟಿಕೆಟ್ ತಾರೀಖು ಕೂಡ ಇಳಿಯುವ ಲೆಕ್ಕದಿಂದಲೇ ಹುಟ್ಟುತ್ತವೆ. ಹತ್ತುವ ಲೆಕ್ಕದಿಂದ ಶುರು ಮಾಡಿದ ಯೋಜನೆಗಳಲ್ಲಿ ಐಸ್ ಸ್ಕ್ರೂ (ಐಸಿಗೆ ತಿರುಗಿಸಿ ಕೂರಿಸುವ ಟೊಳ್ಳು ತಿರುಪು) ಹೆಚ್ಚಾಗಿ ಹುರಿ ಕಡಿಮೆಯಾಗಿರುತ್ತದೆ.

ಮುಖದ ಅಳತೆ

ಬುಡದ ಬರ್ಗ್‌ಶ್ರುಂಡ್, ಅಂದರೆ ಹರಿಯುವ ಹಿಮನದಿ ಗೋಡೆಯಿಂದ ಕಳಚಿಕೊಳ್ಳುವ ಜಾಗದ ದೊಡ್ಡ ಬಿರುಕು. ಅಲ್ಲಿಂದ ಮೇಲಿನ ಏಣಿನವರೆಗೆ ಸುಮಾರು 400 ಮೀಟರ್. ಇಳಿಜಾರು 50ರಿಂದ 60 ಡಿಗ್ರಿ, ಕೊನೆಯ ಭಾಗ ಅದಕ್ಕಿಂತ ಕಡಿದು. ಮುಖದ ತುಂಬ ಸೀರೆಯ ನೆರಿಗೆಯಂತೆ ಹಿಮದ ಏಣುಗಳು, ನಡುನಡುವೆ ಕೊರಕಲುಗಳು. ಏಣು ರವೆಯಂತೆ ಉದುರುವ ಹಿಮ, ಅದರಲ್ಲಿ ಸ್ಕ್ರೂ ನಿಲ್ಲದು. ಕೊರಕಲಲ್ಲಿ ಗಟ್ಟಿ ಐಸ್ ಸಿಗುತ್ತದೆ, ಆದರೆ ಮೇಲಿನಿಂದ ಉದುರುವುದೆಲ್ಲ ಹರಿದುಬರುವ ಮೋರಿಯೂ ಅದೇ.

ದಾರಿಯ ಆಯ್ಕೆಗೆ ಕಾರಣ ಇದೆ. 1975ರಲ್ಲಿ ಇಟಲಿಯ ಕಸಿಮಿರೊ ಫೆರಾರಿ ತಂಡ ತೆರೆದ ಫೆರಾರಿ ದಾರಿಯೇ ಬಹುಕಾಲ ರೂಢಿಯ ದಾರಿಯಾಗಿತ್ತು. 2003ರ ಜುಲೈಯಲ್ಲಿ ಮೇಲಿನ ಕಾರ್ನಿಸ್ ಮುರಿದುಬಿದ್ದು ಆ ದಾರಿಯಲ್ಲಿ ಎಂಟು ಮಂದಿ ಸತ್ತರು. ಕಾರ್ನಿಸ್ ಎಂದರೆ ಗಾಳಿ ಕಟ್ಟಿದ ಹಿಮದ ಸೂರು, ಕೆಳಗೆ ಆಧಾರವಿಲ್ಲದ್ದು. ಆಮೇಲೆ ಹೆಚ್ಚಿನವರು ಬಲಕ್ಕಿರುವ ಫ್ರೆಂಚ್ ಡೈರೆಕ್ಟ್ ಹಿಡಿದರು. ಅಲ್ಲಿ ಅಪಾಯ ಇಲ್ಲವೆಂದಲ್ಲ. ಆ ವರ್ಷದ ಸೂರು ಯಾವ ಕೊರಕಲಿನ ನೆತ್ತಿಯ ಮೇಲಿದೆ ಎಂಬುದನ್ನು ಕಾಲ್ ಕ್ಯಾಂಪಿನಿಂದ (ಕಾಲ್ ಎಂದರೆ ಎರಡು ಶಿಖರಗಳ ನಡುವಿನ ತಗ್ಗು) ದುರ್ಬೀನಿನಲ್ಲಿ ನೋಡಿಯೇ ದಾರಿ ಖಚಿತಪಡಿಸಬೇಕು. ಊರಲ್ಲೇ ಕೂತು ನಿರ್ಧರಿಸುವ ವಿಷಯ ಅಲ್ಲ.

ತುದಿ ಎಂದರೆ ಎಲ್ಲಿ ಎಂಬುದನ್ನೂ ಮೊದಲೇ ಬರೆದಿಡಬೇಕು. 1951ರ ಫ್ರಾಂಕೊ-ಬೆಲ್ಜಿಯನ್ ತಂಡ ಶಿಖರ ಮುಟ್ಟಿದೆವೆಂದೇ ತಿಳಿದಿತ್ತು, ಆಮೇಲೆ ಫೋಟೊಗಳು ಹಾಗಲ್ಲವೆಂದು ತೋರಿಸಿದವು. ನಿಜವಾದ ಮೊದಲ ಆರೋಹಣ 1957ರ ಜರ್ಮನ್ ತಂಡದ್ದು, ದಕ್ಷಿಣ ಏಣಿನಿಂದ. ಇಂದಿಗೂ ಹಲವು ತಂಡಗಳು ಏಣು ಮುಟ್ಟಿ, ನೆತ್ತಿಯ ಹಿಮದ ಅಣಬೆಯನ್ನು ಕಂಡು ಅಲ್ಲಿಂದಲೇ ತಿರುಗುತ್ತವೆ. ಈ ಯೋಜನೆಯಲ್ಲಿ ಏಣೇ ತುದಿ. ಅಣಬೆ ಗಟ್ಟಿಯಿದ್ದು ಸಮಯವೂ ಉಳಿದಿದ್ದರೆ ಮಾತ್ರ ಮುಂದಿನ ಮಾತು.

ಗಡಿಯಾರ, ಹಿಂದುಮುಂದಾಗಿ

ಭೂಮಧ್ಯರೇಖೆಯ ದಕ್ಷಿಣಕ್ಕೆ 9 ಡಿಗ್ರಿಯಲ್ಲಿ, ಜೂನ್-ಜುಲೈಯಲ್ಲಿ ಸೂರ್ಯ ಉತ್ತರದ ಕಡೆ ಇರುತ್ತಾನೆ. ನೈಋತ್ಯ ಮುಖ ಬೆಳಗ್ಗೆಯೆಲ್ಲ ನೆರಳಲ್ಲಿದ್ದು ಮಧ್ಯಾಹ್ನದ ಮೇಲೆ ಬಿಸಿಲಿಗೆ ಬೀಳುತ್ತದೆ. ಬಿಸಿಲು ಬಿದ್ದ ಮೇಲೆ ಏಣುಗಳು ಉದುರತೊಡಗುತ್ತವೆ. ಹಾಗಾಗಿ ಮಧ್ಯಾಹ್ನ 1 ಗಂಟೆಗೆ ಇಬ್ಬರೂ ಬರ್ಗ್‌ಶ್ರುಂಡ್ ಕೆಳಗಿರಬೇಕು. ಉಳಿದದ್ದು ಅಲ್ಲಿಂದ ಹಿಂದಕ್ಕೆ:

60 ಮೀಟರಿನ ಎರಡು ಹಗ್ಗ ಗಂಟು ಹಾಕಿದರೆ ಒಂದು ಇಳಿತಕ್ಕೆ ಕಾಗದದ ಮೇಲೆ 60 ಮೀಟರ್, ಕೈಗೆ ಸಿಗುವುದು 55. ತುದಿಯ ಗಂಟು, ಓರೆ ದಾರಿ, ಒಳ್ಳೆಯ ಐಸ್ ಹುಡುಕಾಟ ಉಳಿದದ್ದನ್ನು ತಿನ್ನುತ್ತವೆ. 400 ಭಾಗಿಸು 55, ಅಂದರೆ 8 ಇಳಿತ. ಪ್ರತಿಯೊಂದಕ್ಕೂ ಆಂಕರ್, ಅಂದರೆ ಹಗ್ಗ ತೂಗುವ ಆಧಾರ, ಕಟ್ಟಿ, ಇಬ್ಬರೂ ಇಳಿದು, ಹಗ್ಗ ಎಳೆದುಕೊಳ್ಳಲು 25 ನಿಮಿಷ. ಒಟ್ಟು 3 ಗಂಟೆ 20 ನಿಮಿಷ. ಹಗ್ಗ ಒಂದು ಸಲ ಸಿಕ್ಕಿಕೊಳ್ಳುವುದಕ್ಕೆ 40 ನಿಮಿಷ ಮೀಸಲು. ಹಾಗಾದರೆ ಎಲ್ಲೇ ಇರಲಿ, ಬೆಳಗ್ಗೆ 9ಕ್ಕೆ ತಿರುಗಬೇಕು.

ಹತ್ತಲು 8 ಪಿಚ್ (ಒಂದು ನಿಲುಗಡೆಯಿಂದ ಮುಂದಿನದಕ್ಕೆ ಹತ್ತುವ ಭಾಗ), ತಲಾ 40 ನಿಮಿಷ, 5 ಗಂಟೆ 20 ನಿಮಿಷ. ಬರ್ಗ್‌ಶ್ರುಂಡ್ ಬುಡ ಬಿಡುವುದು ನಸುಕಿನ 3ಕ್ಕೆ. ಕ್ಯಾಂಪಿನಿಂದ ಅಲ್ಲಿಗೆ ಸುಮಾರು ಒಂದು ಗಂಟೆ, ಹಗ್ಗ ಬಿಚ್ಚಿ ಸಜ್ಜಾಗಲು ಅರ್ಧ. ಟೆಂಟ್ ಬಿಡುವುದು 1:30ಕ್ಕೆ, ಒಲೆ ಹಚ್ಚುವುದು 12ಕ್ಕೆ. ಏಣು ತಲುಪುವುದು 8:20ಕ್ಕೆ. ಅಂದರೆ ತಿರುಗುವ ಹೊತ್ತಿಗೂ ತಲುಪುವ ಹೊತ್ತಿಗೂ ನಡುವೆ 40 ನಿಮಿಷ ಮಾತ್ರ. ಲೆಕ್ಕ ಇಷ್ಟು ಬಿಗಿ ಎಂದು ಗೊತ್ತಾಗುವುದೇ ಹಿಂದಿನಿಂದ ಎಣಿಸಿದಾಗ. ಮೊದಲ ಮೂರು ಪಿಚ್‌ಗೆ ತಲಾ ಒಂದು ಗಂಟೆ ಹಿಡಿದರೆ ಅಂದಿನ ತುದಿ ಹೋಯಿತು, ನಾಲ್ಕನೆಯದರಿಂದ ಇಳಿಯಬೇಕು.

ಮೇಲೆ ಬೇರೆ ತಂಡ ಇದ್ದರೆ ಅದೇ ಕೊರಕಲಿಗೆ ಹೋಗಬಾರದು. ಅವರ ಕೊಡಲಿಗೆ ಕಿತ್ತ ಐಸ್ ತಟ್ಟೆಗಳು ಬೇರೆಲ್ಲೂ ಹೋಗುವುದಿಲ್ಲ, ನೇರ ನಿಮ್ಮ ಹೆಲ್ಮೆಟ್ಟಿಗೆ. ಇದಕ್ಕಾಗಿಯೇ ಎರಡು ಮೀಸಲು ದಿನ.

ವಿ-ಥ್ರೆಡ್: ಹುರಿ, ಕೊಕ್ಕೆ, ಅಭ್ಯಾಸ

1930ರ ದಶಕದ ಸೋವಿಯತ್ ಪರ್ವತಾರೋಹಿ ವಿತಾಲಿ ಅಬಲಾಕೊವ್ ಹೆಸರಿನ ಈ ಆಂಕರಿಗೆ ಐಸಿನಲ್ಲಿ ಬಿಟ್ಟುಹೋಗುವ ಲೋಹ ಬೇಡ. 22 ಸೆಂ.ಮೀ. ಸ್ಕ್ರೂವನ್ನು ಐಸಿನ ಮೇಲ್ಮೈಗೆ 60 ಡಿಗ್ರಿ ಓರೆಯಲ್ಲಿ ತಿರುಗಿಸಿ ತೆಗೆಯಬೇಕು. ಪಕ್ಕದಲ್ಲಿ 20 ಸೆಂ.ಮೀ. ದೂರದಿಂದ ಇನ್ನೊಂದು ತೂತು, ಎರಡೂ ಒಳಗೆ ಕೂಡಬೇಕು. ಹುರಿ ಒಂದರಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬರುತ್ತದೆ, ಕುಣಿಕೆ ಕಟ್ಟಿ ಅದಕ್ಕೆ ಹಗ್ಗ.

ಹುರಿಯ ಲೆಕ್ಕ: 7 ಮಿ.ಮೀ. ನೈಲಾನ್, ಒಂದಕ್ಕೆ 1.5 ಮೀ. ತೂತುಗಳ ಒಳಗೆ 40 ಸೆಂ.ಮೀ. ಹೋಗುತ್ತದೆ, ಉಳಿದದ್ದು ಕುಣಿಕೆ ಮತ್ತು ಗಂಟಿಗೆ. 8 ಆಂಕರಿಗೆ 12 ಮೀ., ಕೆಟ್ಟುಹೋಗುವ 3ಕ್ಕೆ 4.5 ಮೀ., ಕಾಲ್‌ನಿಂದ ಇಳಿಯುವಾಗಿನ ಒಂದೆರಡಕ್ಕೆ 3 ಮೀ. ಒಟ್ಟು 20 ಮೀಟರ್ ಕೊಳ್ಳುವುದು. ಗೋಡೆಯ ಮೇಲೆ ಹಿಂದಿನವರ ಆಂಕರ್‌ಗಳು ಸಿಗುತ್ತವೆ ನಿಜ, ಅವುಗಳನ್ನು ನಂಬಿ ಲೆಕ್ಕ ಕಡಿಮೆ ಮಾಡುವುದಿಲ್ಲ. ಬಿಸಿಲಿಗೆ ಬಿಳಿಚಿದ ಹುರಿ, ಸುತ್ತಲ ಹಿಮ ಕರಗಿ ಅರ್ಧ ಹೊರಬಂದ ಹಿಮದ ಮೊಳೆ ಎರಡೂ ಅಲ್ಲಿ ಸಾಮಾನ್ಯ. ಕಪ್ಪು ಹುರಿ ಬಿಸಿಲು ಹೀರಿ ತನ್ನ ಸುತ್ತಲಿನ ಐಸನ್ನು ತಾನೇ ಕರಗಿಸುತ್ತದೆ, ತಿಳಿ ಬಣ್ಣದ್ದನ್ನೇ ಕೊಳ್ಳಿ.

ಹುರಿ ಎಳೆಯುವ ಕೊಕ್ಕೆ ಮನೆಯಲ್ಲೇ ಆಗುತ್ತದೆ. ಸೈಕಲ್ ಚಕ್ರದ ಸ್ಟೀಲ್ ಕಡ್ಡಿ, 2 ಮಿ.ಮೀ. ದಪ್ಪ, 28 ಸೆಂ.ಮೀ.ಗಿಂತ ಉದ್ದದ್ದು. ಕಡ್ಡಿಯ ತಲೆ ಕತ್ತರಿಸಿ, ಆ ತುದಿಯನ್ನು ಇಕ್ಕಳದಲ್ಲಿ 6 ಮಿ.ಮೀ. ಬಾಗಿಸಿ ಕೊಕ್ಕೆ ಮಾಡಿ. ಇನ್ನೊಂದು ತುದಿಗೆ ಬೆರಳು ಹೊಗುವ ಬಳೆ, ಅದಕ್ಕೆ 3 ಮಿ.ಮೀ. ದಾರದ ಕುಣಿಕೆ, ಕೈ ಜಾರಿದರೂ ಸೊಂಟದ ಹಾರ್ನೆಸ್‌ನಲ್ಲಿ ಉಳಿಯಲಿ ಎಂದು. ಎರಡು ದೋಷಗಳು ಮತ್ತೆ ಮತ್ತೆ ಕಾಣುತ್ತವೆ. ಕೊಕ್ಕೆಯ ಮೊನೆಯನ್ನು ಅರದಿಂದ ಉಜ್ಜಿ ಮೊಂಡಾಗಿಸದಿದ್ದರೆ ಹುರಿಯ ನಡುವಿನ ಎಳೆ ಸೀಳುತ್ತದೆ. ಕೊಕ್ಕೆ 10 ಮಿ.ಮೀ. ದಾಟಿದರೆ ತೂತು ಕೂಡುವ ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಎರಡು ಮಾಡಿ, ಇಬ್ಬರ ಬಳಿ ಒಂದೊಂದು. ಇಡೀ ಯೋಜನೆಯಲ್ಲಿ ಅತಿ ಅಗ್ಗದ ಸಾಮಾನು ಇದು. ಕಳೆದುಹೋದರೆ ಮಾತ್ರ 8 ಆಂಕರ್‌ಗೂ ಹಲ್ಲಿನಲ್ಲಿ ಹುರಿ ಕಚ್ಚಿ ಪರದಾಡಬೇಕು.

ಅಭ್ಯಾಸಕ್ಕೆ ಕರ್ನಾಟಕದಲ್ಲಿ ಐಸ್ ಎಲ್ಲಿದೆ? ಮೀನಿನ ಬಂದರಿನಲ್ಲಿದೆ. ಮಲ್ಪೆ, ಮಂಗಳೂರಿನ ಐಸ್ ಫ್ಯಾಕ್ಟರಿಗಳ ದಿಮ್ಮಿ ಐಸ್ ಇದಕ್ಕೆ ತಕ್ಕದ್ದು. ಹೊರಭಾಗ ಗಾಜಿನಂತೆ ಪಾರದರ್ಶಕವಾಗಿದ್ದು ತೂತುಗಳು ಒಳಗೆ ಎಲ್ಲಿ ಕೂಡುತ್ತಿವೆ ಎಂಬುದು ಕಣ್ಣಿಗೇ ಕಾಣುತ್ತದೆ. ಪರ್ವತದ ಮೇಲೆ ಈ ಅನುಕೂಲ ಇಲ್ಲ. ದಿಮ್ಮಿಯ ದಪ್ಪ ಅಳೆದು, 22ರ ಸ್ಕ್ರೂ ಆಚೆ ಬದಿಗೆ ತೂರುವಂತಿದ್ದರೆ 16ರದ್ದನ್ನು ಬಳಸಿ. ಕೋಣೆಯಿಂದ ತೆಗೆದ ಕೂಡಲೇ ಕೊರೆದರೆ ದಿಮ್ಮಿ ಫಟ್ಟೆಂದು ಸೀಳುತ್ತದೆ, ಅರ್ಧ ಗಂಟೆ ಹೊರಗಿಟ್ಟ ಮೇಲೆ ಸುಮ್ಮನೆ ಕೊರೆಸಿಕೊಳ್ಳುತ್ತದೆ. ಒಬ್ಬೊಬ್ಬರು 30 ಥ್ರೆಡ್, ಕೊನೆಯ 10 ದಪ್ಪ ಕೈಗವಸು ತೊಟ್ಟು, ದೀಪ ಆರಿಸಿ ಹೆಡ್‌ಲ್ಯಾಂಪ್ ಬೆಳಕಲ್ಲಿ. ಗುರಿ: 8 ನಿಮಿಷಕ್ಕೊಂದು. ಸಮುದ್ರಮಟ್ಟದ 8 ನಿಮಿಷ ಮೇಲೆ 12 ಆಗುತ್ತದೆ.

ತೂತು ಕೂಡದೇ ಹೋಗಲು ಹೆಚ್ಚಿನ ಸಲ ಕಾರಣ ಎರಡನೆಯ ತೂತು ಮೇಲಕ್ಕೋ ಕೆಳಕ್ಕೋ ವಾಲುವುದು. ಮೊದಲ ತೂತಿನಲ್ಲಿ ಇನ್ನೊಂದು ಸ್ಕ್ರೂ ಸಿಕ್ಕಿಸಿಟ್ಟು, ಅದರ ದಿಕ್ಕು ನೋಡುತ್ತ ಎರಡನೆಯದನ್ನು ತಿರುಗಿಸಿದರೆ ಗುರಿ ತಪ್ಪದು. ಮೇಲಿನ ಬಿಳಿ, ಗುಳ್ಳೆಗುಳ್ಳೆ ಐಸನ್ನು ಕೊಡಲಿಯಿಂದ ಕೆತ್ತಿ ನೀಲಿ ಪದರ ಬರುವವರೆಗೆ ತೂತು ಶುರು ಮಾಡಬಾರದು.

ಹಿಮದ ಮೊಳೆ, ಅಂದರೆ ಪಿಕೆಟ್

ಮೇಲಿನ ಎರಡು-ಮೂರು ಆಂಕರ್ ರವೆಹಿಮದಲ್ಲಿ ಬೀಳುತ್ತವೆ, ಅಲ್ಲಿ ಥ್ರೆಡ್ ಸಾಧ್ಯವಿಲ್ಲ. 4 ಪಿಕೆಟ್ ಬೇಕು, ಅವುಗಳಲ್ಲಿ ಮೂರು ಅಲ್ಲೇ ಉಳಿಯುತ್ತವೆ ಎಂದೇ ಹಿಡಿಯಬೇಕು. ಬಿಟ್ಟುಬರುವ ಮಾಲಿಗೆ ದುಬಾರಿ ಕೊಟ್ಟು ಕೊಳ್ಳುವ ಮನಸ್ಸಾಗದು, ಮಾಡಿಕೊಳ್ಳಬಹುದು. ಆದರೆ ಒಂದು ಗೆರೆ ಎಳೆದುಕೊಳ್ಳಿ: ಮನೆಯಲ್ಲಿ ಮಾಡಿದ್ದು ಇಳಿಯುವ ಭಾರಕ್ಕೆ ಮಾತ್ರ. ಮುಂದಾಳು ಬಿದ್ದರೆ ತಡೆಯಬೇಕಾದ ಜಾಗಕ್ಕೆ ಪ್ರಮಾಣೀಕೃತ ಮಾಲನ್ನೇ ಕೊಳ್ಳಬೇಕು.

ಸಾಮಗ್ರಿ: ಎಲ್ ಆಕಾರದ ಅಲ್ಯೂಮಿನಿಯಂ ಆಂಗಲ್, 40×40×4 ಮಿ.ಮೀ., ದರ್ಜೆ 6061-ಟಿ6. ಇಲ್ಲೇ ಎಡವುವುದು. ಕಿಟಕಿ, ಪಾರ್ಟಿಷನ್ ಮಾಡುವ ಅಂಗಡಿಯಲ್ಲಿ ಕೇಳಿದರೆ ಕೊಡುವುದು 6063. ನೋಡಲು ಅದೇ, ತೂಕವೂ ಅದೇ, ಭಾರಕ್ಕೆ ಬಾಗುತ್ತದೆ. 60 ಸೆಂ.ಮೀ. ಪಿಕೆಟನ್ನು ಅಡ್ಡ ಹೂತು ನಡುವಿನಿಂದ 250 ಕೆ.ಜಿ. ಭಾರ ಎಳೆದರೆ ಲೋಹದಲ್ಲಿ ಹುಟ್ಟುವ ಒತ್ತಡ ಸುಮಾರು 160 ಮೆಗಾಪ್ಯಾಸ್ಕಲ್. 6061-ಟಿ6 ಬಾಗತೊಡಗುವುದು 240ರ ಮೇಲೆ. ಕಿಟಕಿಯ 6063-ಟಿ5 ಸುಮಾರು 145ಕ್ಕೇ ಕೈಚೆಲ್ಲುತ್ತದೆ. ದರ್ಜೆಯ ಮುದ್ರೆ ಇಲ್ಲದ ಮಾಲನ್ನು ಬಿಟ್ಟುಬನ್ನಿ.

12 ಅಡಿಯ ಒಂದು ಉದ್ದದಲ್ಲಿ 60 ಸೆಂ.ಮೀ.ನ 6 ತುಂಡು: 4 ಪರ್ವತಕ್ಕೆ, 1 ಪರೀಕ್ಷೆಗೆ, 1 ಮೀಸಲು. 3 ಮಿ.ಮೀ. ದಪ್ಪದ್ದಾದರೆ ತುಂಡಿಗೆ 375 ಗ್ರಾಂ, 4ರದ್ದು 490 ಗ್ರಾಂ. ನಾಲ್ಕಕ್ಕೆ ಉಳಿಯುವುದು ಅರ್ಧ ಕೆ.ಜಿ.ಯಷ್ಟೆ. ಅದನ್ನು ಟೂತ್‌ಪೇಸ್ಟು, ಹೆಚ್ಚುವರಿ ಚಡ್ಡಿಯಲ್ಲಿ ಉಳಿಸಿ, ಆಂಕರಿನಲ್ಲಿ ಬೇಡ.

ಹ್ಯಾಕ್ಸಾದಿಂದ ಒಂದು ತುದಿಯನ್ನು ಎರಡೂ ರೆಕ್ಕೆಗಳಲ್ಲಿ 45 ಡಿಗ್ರಿ ಓರೆ ಕತ್ತರಿಸಿ ಮೊನೆ ಮಾಡಿ. ಮೇಲಿನ ತುದಿಯಿಂದ 5 ಸೆಂ.ಮೀ. ಕೆಳಗೆ ಒಂದು ಜೋಡಿ, ಸರಿಯಾಗಿ ನಡುವೆ ಇನ್ನೊಂದು ಜೋಡಿ 12 ಮಿ.ಮೀ. ತೂತು, ರೆಕ್ಕೆಗೊಂದರಂತೆ, ಮೂಲೆಗೆ ಹತ್ತಿರ. ಹುರಿ ಎರಡೂ ತೂತು ಹಾದು ಮೂಲೆಯನ್ನು ತಬ್ಬಬೇಕು. ಈಗ ಅತಿ ಮುಖ್ಯ ಕೆಲಸ: ಪ್ರತಿ ತೂತಿನ ಎರಡೂ ಅಂಚನ್ನು ಉರುಟು ಅರದಿಂದ ಉಜ್ಜಿ, ಆಮೇಲೆ ಮರಳುಕಾಗದ. ಹಳೆಯ ಹತ್ತಿ ಬನಿಯನ್ನಿನ ತುಂಡನ್ನು ತೂತಿನಲ್ಲಿ ಎಳೆದಾಡಿ ನೋಡಿ. ಎಳೆ ಸಿಕ್ಕಿದರೆ ಇನ್ನೂ ಉಜ್ಜಬೇಕು. ಡ್ರಿಲ್ ಬಿಟ್ಟ ಅಂಚು ಬ್ಲೇಡೇ, ನೇತಾಡುವ ಹುರಿಯನ್ನು ಅದು ಒಂದೇ ಸಂಜೆಯಲ್ಲಿ ಅರ್ಧ ತಿನ್ನುತ್ತದೆ. ನಡು ತೂತಿಗೆ 7 ಮಿ.ಮೀ. ಹುರಿ 1.6 ಮೀ., ಡಬಲ್ ಫಿಶರ್‌ಮನ್ ಗಂಟು, ಬಾಲ 8 ಸೆಂ.ಮೀ.

ಪರೀಕ್ಷೆ: ಒದ್ದೆ ಮರಳಿನಲ್ಲಿ 50 ಸೆಂ.ಮೀ. ಆಳಕ್ಕೆ ಅಡ್ಡ ಹೂತು, ಚೈನ್ ಪುಲ್ಲಿ ಮತ್ತು ನೇತುಹಾಕುವ ತಕ್ಕಡಿಯಿಂದ 250 ಕೆ.ಜಿ.ವರೆಗೆ ಎಳೆದು ಐದು ನಿಮಿಷ ಹಿಡಿಯುವುದು. ತೆಗೆದ ಮೇಲೆ ಗಾಜಿನ ಮೇಲಿಟ್ಟು ನೋಡಿ. ಕೆಳಗೆ ಪೋಸ್ಟ್‌ಕಾರ್ಡ್ ತೂರಿದರೆ ಬಾಗಿದೆ ಎಂದರ್ಥ, ಆ ಉದ್ದ ಇಡೀ ತಿರಸ್ಕೃತ. ಎಳೆದ ತುಂಡನ್ನು ಪರ್ವತಕ್ಕೆ ಒಯ್ಯಬಾರದು.

ಮೇಲೆ ಬಳಸುವ ಬಗೆ: ಗಟ್ಟಿ ಹಿಮವಾದರೆ ಇಳಿಜಾರಿಗೆ ಲಂಬ ರೇಖೆಯಿಂದ 25-30 ಡಿಗ್ರಿ ಹಿಂದಕ್ಕೆ ವಾಲಿಸಿ ಹೊಡೆಯುವುದು. ಸುತ್ತಿಗೆ ಏಟಿಗೆ ಠಣ್ ಠಣ್ ಸದ್ದು ಏರುತ್ತ ಹೋದರೆ ಒಳ್ಳೆಯದು. ಎರಡೇ ಏಟಿಗೆ ಪೂರ್ತಿ ಇಳಿದುಹೋದರೆ ಅದು ಆಂಕರ್ ಅಲ್ಲ, ಕಿತ್ತು ಅಡ್ಡ ಹೂಳಿ. 50 ಸೆಂ.ಮೀ. ಆಳದ ತೋಡು, ಹುರಿಗೆ ಕೆಳಮುಖವಾಗಿ ಕಿರಿದಾದ ಸೀಳು. ಈ ಸೀಳು ಸಾಕಷ್ಟು ಆಳವಿಲ್ಲದಿದ್ದರೆ ಹುರಿ ಪಿಕೆಟನ್ನು ಮೇಲಕ್ಕೆತ್ತಿ ಕೀಳುತ್ತದೆ, ಹೂತಿಟ್ಟ ಪಿಕೆಟ್ ಸೋಲುವುದು ಹೆಚ್ಚಾಗಿ ಹೀಗೆ. ಮುಚ್ಚಿ ತುಳಿದು ಹತ್ತು ನಿಮಿಷ ಬಿಟ್ಟರೆ ತುಳಿದ ಹಿಮದ ಕಣಗಳು ಒಂದಕ್ಕೊಂದು ಅಂಟಿ ಬಿಗಿಯುತ್ತವೆ. ಅವಸರದಲ್ಲಿ ಬಿಟ್ಟುಹೋಗುವುದು ಆ ಹತ್ತು ನಿಮಿಷವನ್ನೇ.

ಹಗ್ಗ, ಸ್ಕ್ರೂ, ಮೊನೆ

8 ಮಿ.ಮೀ., 60 ಮೀ. ಹಾಫ್ ರೋಪ್ (ಜೋಡಿಯಾಗಿ ಬಳಸುವ ತೆಳು ಹಗ್ಗ) ಎರಡು, ಬೇರೆ ಬೇರೆ ಬಣ್ಣ, ಹೊರಕವಚಕ್ಕೂ ಒಳತಿರುಳಿಗೂ ನೀರುನಿರೋಧಕ ಲೇಪ. ತಲಾ ಎರಡೂವರೆ ಕೆ.ಜಿ. ಒಂದು ದಪ್ಪ ಹಗ್ಗ, ಒಂದು 6 ಮಿ.ಮೀ. ಎಳೆದಾರ ಸಾಕು ಎನ್ನುವವರಿದ್ದಾರೆ. ಗಾಳಿಯಲ್ಲಿ ತೆಳುದಾರ ಹಿಮದ ಏಣುಗಳಿಗೆ ಸುತ್ತಿಕೊಳ್ಳುತ್ತದೆ. ಕಲ್ಲೋ ಐಸೋ ಬಿದ್ದು ದಪ್ಪ ಹಗ್ಗ ಕಡಿದರೆ ಕೈಯಲ್ಲಿ ಉಳಿಯುವುದು ಆ ದಾರ ಮಾತ್ರ. ತೂಕ ಹೆಚ್ಚಾದರೂ ಎರಡು ಹಾಫ್ ರೋಪೇ.

ಸ್ಕ್ರೂ 9: 22 ಸೆಂ.ಮೀ. ಎರಡು, 16ರದ್ದು ನಾಲ್ಕು, 13ರದ್ದು ಮೂರು. ನಿಲುಗಡೆಗೆ ಎರಡೆರಡರಂತೆ ನಾಲ್ಕು ಹೋದರೆ ಪಿಚ್‌ಗೆ ಐದು ಉಳಿಯುತ್ತವೆ, ಸಾಕು. 22ರವು ಇಳಿಯುವಾಗ ಥ್ರೆಡ್ಡಿಗೂ ಬೇಕು, ಅವುಗಳ ಹಲ್ಲು ಕೆಡದಂತೆ ಮುಚ್ಚಳ ಹಾಕಿಡಿ.

ಕೊಡಲಿಯ ಮೊನೆ, ಬೂಟಿಗೆ ಕಟ್ಟುವ ಕ್ರ್ಯಾಂಪಾನಿನ ಮುಂಹಲ್ಲು ಹರಿತ ಮಾಡಲು ಕೈ ಅರ ಮಾತ್ರ. ಸಾಣೆ ಯಂತ್ರಕ್ಕೆ ಕೊಟ್ಟರೆ ಎರಡು ನಿಮಿಷದಲ್ಲಿ ಮಿಂಚುತ್ತದೆ, ಆದರೆ ಆ ಬಿಸಿಗೆ ಉಕ್ಕಿನ ಹದ ಹೋಗಿ ಮೊದಲ ಗಟ್ಟಿ ಐಸಿಗೇ ಮಡಚುತ್ತದೆ. ಅಂಚು ನೀಲಿ ತಿರುಗಿದ್ದರೆ ಆ ಮೊನೆ ಮುಗಿದ ಹಾಗೆ.

ಇಳಿಯುವ ಕ್ರಮ ಒಂದೇ, ಎಂಟೂ ಸಲ: ಹಗ್ಗಗಳಿಗೆ ಫ್ಲಾಟ್ ಓವರ್‌ಹ್ಯಾಂಡ್ ಗಂಟು, ಬಾಲ 30 ಸೆಂ.ಮೀ. ಕೆಳತುದಿಗಳಿಗೆ ಬೇರೆ ಬೇರೆ ಗಂಟು. ರ‍್ಯಾಪೆಲ್ ಸಾಧನದ ಕೆಳಗೆ 6 ಮಿ.ಮೀ. ಪ್ರುಸಿಕ್, ಅಂದರೆ ಕೈ ಬಿಟ್ಟರೂ ಹಗ್ಗ ಹಿಡಿದುಕೊಳ್ಳುವ ಕುಣಿಕೆ. ಆಂಕರಿಗೆ ಸಡಿಲವಾಗಿ ಒಂದು ಸ್ಕ್ರೂ ಬೆಂಬಲ. ಭಾರ ಇರುವವರು ಮೊದಲು ಇಳಿಯುವುದು, ಆಂಕರ್ ಅಲುಗದಿದ್ದರೆ ಹಗುರದವರು ಸ್ಕ್ರೂ ಕಿತ್ತುಕೊಂಡು ಬರುವುದು. ಮೊದಲು ಇಳಿದವರು ಎರಡನೆಯವರು ಮೇಲಿರುವಾಗಲೇ ಹಗ್ಗವನ್ನು ಒಂದು ಮೀಟರ್ ಎಳೆದು ನೋಡಬೇಕು. ಓಡದಿದ್ದರೆ ಮೇಲಿನವರು ಆಗಲೇ ಸರಿಪಡಿಸುತ್ತಾರೆ. ಯಾವ ಬಣ್ಣ ಎಳೆಯುವುದು ಎಂದು ಇಬ್ಬರೂ ಗಟ್ಟಿಯಾಗಿ ಹೇಳಿಕೊಳ್ಳುವುದು. ಬಾಲಿಶ ಎನಿಸುತ್ತದೆ, 5,800 ಮೀಟರಿನಲ್ಲಿ ನೀಲಿಯೋ ಕೆಂಪೋ ಎಂದು ಇಬ್ಬರಿಗೂ ನೆನಪಿರುವುದಿಲ್ಲ.

ಗ್ಯಾಸ್

ಕಾಲ್ ಕ್ಯಾಂಪಿನಲ್ಲಿ ನೀರೆಂದರೆ ಕರಗಿಸಿದ ಹಿಮ. ಸುಮಾರು 5,400 ಮೀಟರಿನಲ್ಲಿ ನೀರು 82 ಡಿಗ್ರಿಗೆ ಕುದಿಯುತ್ತದೆ. ಮೈನಸ್ 10ರ ಒಂದು ಕೆ.ಜಿ. ಹಿಮ ಕುದಿಸಲು ಬೇಕಾದದ್ದು ಸುಮಾರು 700 ಕಿಲೋಜೂಲ್, ಕರಗಿಸಿ ಕುಡಿಯುವಷ್ಟು ಮಾಡಲು 400. ಒಂದು ಗ್ರಾಂ ಗ್ಯಾಸಿನ ಶಾಖದಲ್ಲಿ ಪಾತ್ರೆಗೆ ಮುಟ್ಟುವುದು ಅರ್ಧ, ಸುಮಾರು 23 ಕಿಲೋಜೂಲ್. ಲೀಟರ್ ಕುದಿಸಲು 30 ಗ್ರಾಂ, ಕರಗಿಸಲು 17. ಇಬ್ಬರಿಗೆ ದಿನಕ್ಕೆ 8 ಲೀಟರ್: 3 ಕುದಿಸಿದ್ದು, 5 ಕರಗಿಸಿದ್ದು, ಒಟ್ಟು 175 ಗ್ರಾಂ. ಮೀಸಲು ಸೇರಿ 4 ದಿನಕ್ಕೆ 700 ಗ್ರಾಂ. 230 ಗ್ರಾಂನ ಮೂರು ಡಬ್ಬಿ ಎಂದರೆ 690, ಗಾಳಿಗೆ ಸೋರುವ ಪಾಲು ಸೇರಿಸಿದರೆ ಸಾಲದು. ನಾಲ್ಕು.

ವಿಮಾನದಲ್ಲಿ ಗ್ಯಾಸ್ ಡಬ್ಬಿ ಒಯ್ಯುವಂತಿಲ್ಲ, ಹುವಾರಾಸ್ ಪಟ್ಟಣದ ಅಂಗಡಿಗಳಲ್ಲಿ ತಿರುಪಿನ ಡಬ್ಬಿ ಸಿಗುತ್ತದೆ. ಬರೀ ಬ್ಯೂಟೇನ್ ಮಾತ್ರ ಸಿಕ್ಕರೆ ಕಂಗಾಲಾಗಬೇಕಿಲ್ಲ. ಸಮುದ್ರಮಟ್ಟದಲ್ಲಿ ಸೊನ್ನೆ ಡಿಗ್ರಿಯ ಹತ್ತಿರ ಸತ್ತುಹೋಗುವ ಬ್ಯೂಟೇನ್ ಆ ಎತ್ತರದ ತೆಳು ಗಾಳಿಯಲ್ಲಿ ಸುಮಾರು ಮೈನಸ್ 17ರವರೆಗೆ ಆವಿಯಾಗುತ್ತದೆ. ಉರಿಯುವಾಗ ಡಬ್ಬಿ ತಾನೇ ತಣ್ಣಗಾಗುತ್ತದೆ, ಅದಕ್ಕೆ ರಾತ್ರಿ ಮಲಗುವ ಚೀಲದೊಳಗೆ, ಉರಿಸುವಾಗ ಉಗುರುಬೆಚ್ಚಗಿನ ನೀರಿನ ತಟ್ಟೆಯಲ್ಲಿ. ಮುಚ್ಚಿದ ಟೆಂಟಿನಲ್ಲಿ ಒಲೆ ಹಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಸದ್ದಿಲ್ಲದೆ ಮುಗಿಸುತ್ತದೆ, ಬಾಗಿಲು ಒಂದು ಗೇಣು ತೆರೆದಿರಲಿ.

82 ಡಿಗ್ರಿಗೆ ಅನ್ನ, ಬೇಳೆ ಬೇಯುವುದಿಲ್ಲ. ಅವಲಕ್ಕಿ ನೆನೆದರೆ ಸಾಕು, ಹುರಿಹಿಟ್ಟಿಗೆ ಬಿಸಿನೀರು ಸಾಕು. ಊರಿನಿಂದ ಒಯ್ಯುವ ತಿನಿಸನ್ನೆಲ್ಲ ಲಿಮಾದಲ್ಲಿ ಘೋಷಿಸಬೇಕು. ಬೀಜ, ತಾಜಾ ಹಣ್ಣು-ತರಕಾರಿ ಒಯ್ಯಬೇಡಿ.

ಕಾಗದಪತ್ರ

ಇಲ್ಲಿ ಮೂರು ಗುಂಡಿಗಳಿವೆ, ಭಾರತದಿಂದ ಹೋಗುವವರಿಗೇ ತೋಡಿದಂಥವು.

ಒಂದು, ಹಳದಿ ಜ್ವರದ ಲಸಿಕೆ. ಹಿಮಪರ್ವತದಲ್ಲಿ ಆ ಸೊಳ್ಳೆ ಇಲ್ಲ. ಆದರೂ ಪೆರು ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿರುವುದರಿಂದ ಮರಳಿ ಬರುವಾಗ ಭಾರತದ ವಿಮಾನ ನಿಲ್ದಾಣದಲ್ಲಿ ಲಸಿಕೆಯ ಪ್ರಮಾಣಪತ್ರ ಕೇಳುತ್ತಾರೆ, ಇಲ್ಲದಿದ್ದರೆ ಪ್ರತ್ಯೇಕವಾಸ. ಪ್ರಮಾಣಪತ್ರ ಚಾಲ್ತಿಗೆ ಬರುವುದು ಚುಚ್ಚಿಸಿದ 10 ದಿನದ ಮೇಲೆ, ಮಾನ್ಯತೆ ಪಡೆದ ಕೇಂದ್ರದ್ದೇ ಆಗಬೇಕು. ಎರಡು ತಿಂಗಳ ಮೊದಲೇ ಮುಗಿಸಿಡಿ.

ಎರಡು, ಉಪಗ್ರಹ ಸಂದೇಶ ಸಾಧನ. ಭಾರತದಲ್ಲಿ ಪರವಾನಗಿ ಇಲ್ಲದೆ ಉಪಗ್ರಹ ಫೋನ್, ಇನ್‌ರೀಚ್ ಬಗೆಯ ಸಾಧನ ಇಟ್ಟುಕೊಳ್ಳುವುದೇ ಅಪರಾಧ. ವಿಮಾನ ನಿಲ್ದಾಣದಲ್ಲಿ ಹಿಡಿದ ಪ್ರಕರಣಗಳಿವೆ. ಪೆರುವಿನಲ್ಲೇ ಬಾಡಿಗೆಗೆ ಪಡೆದು ಅಲ್ಲೇ ಮರಳಿಸಿ.

ಮೂರು, ವಿಮೆ. ಸಾಮಾನ್ಯ ಪ್ರವಾಸ ವಿಮೆಗಳು ಹಗ್ಗ ಅಥವಾ ಗೈಡ್ ಬಳಸುವ ಪರ್ವತಾರೋಹಣವನ್ನು ಸಣ್ಣ ಅಕ್ಷರದಲ್ಲಿ ಹೊರಗಿಡುತ್ತವೆ. 6,000 ಮೀ.ವರೆಗಿನ ತಾಂತ್ರಿಕ ಆರೋಹಣ, ರಕ್ಷಣಾ ವೆಚ್ಚ ಎಂಬ ಪದಗಳು ಪಾಲಿಸಿಯಲ್ಲಿ ಇರಲೇಬೇಕು. ಪೆರು ಪೊಲೀಸರಲ್ಲಿ ಪರ್ವತ ರಕ್ಷಣಾ ಘಟಕ ಇದೆ, ಆದರೂ ಹೆಲಿಕಾಪ್ಟರ್ ಬರುತ್ತದೆ ಎಂದು ಲೆಕ್ಕ ಹಾಕಬಾರದು.

ವೀಸಾ: ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಅಥವಾ ಷೆಂಗೆನ್ ವೀಸಾಕ್ಕೆ ಆರು ತಿಂಗಳ ಅವಧಿ ಉಳಿದಿರುವ ಭಾರತೀಯರಿಗೆ ಪೆರು ವಿನಾಯಿತಿ ಕೊಟ್ಟಿದೆ. ಟಿಕೆಟ್ ಕೊಳ್ಳುವ ಮುನ್ನ ದೆಹಲಿಯ ರಾಯಭಾರ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಿ. ಪರ್ವತ ಹುವಾಸ್ಕಾರಾನ್ ರಾಷ್ಟ್ರೀಯ ಉದ್ಯಾನದೊಳಗಿದೆ, ಹಲವು ದಿನಗಳ ಟಿಕೆಟ್ ಬೇಕು. ಗೈಡ್ ಇಲ್ಲದ ತಂಡಕ್ಕೆ ಆಲ್ಪೈನ್ ಕ್ಲಬ್ಬಿನ ಸದಸ್ಯತ್ವ ಪತ್ರ ಕೇಳಬಹುದು, ಇಟ್ಟುಕೊಂಡಿರಿ. ಉತ್ತರಕಾಶಿ, ಮನಾಲಿ, ಡಾರ್ಜಿಲಿಂಗ್ ಸಂಸ್ಥೆಗಳ ಅಡ್ವಾನ್ಸ್‌ಡ್ ಕೋರ್ಸಿನ ಪ್ರಮಾಣಪತ್ರದ ಪ್ರತಿಯೂ ಜೊತೆಗಿರಲಿ.

ದಿನಗಳ ಹಂಚಿಕೆ

ಮುಳ್ಳಯ್ಯನಗಿರಿಯ 1,930 ಮೀಟರ್ ಕಾಲಿಗೆ ಪಾಠ ಹೇಳೀತು, ರಕ್ತಕ್ಕೆ ಹೇಳದು. ಎತ್ತರಕ್ಕೆ ಒಗ್ಗುವ ಕೆಲಸ ಅಲ್ಲಿಯೇ ಆಗಬೇಕು.

ದಿನ 1-3: ಲಿಮಾ, ಅಲ್ಲಿಂದ ಬಸ್ಸಿನಲ್ಲಿ ಸುಮಾರು 8 ಗಂಟೆ, ಹುವಾರಾಸ್, 3,050 ಮೀ.
ದಿನ 4-6: ಹಗಲು ನಡಿಗೆ, ಚುರುಪ್ ಸರೋವರ 4,450 ಮೀ. ರಾತ್ರಿ ನಿದ್ದೆ ಹುವಾರಾಸ್‌ನಲ್ಲೇ.
ದಿನ 7-10: ಇಶಿಂಕಾ ಕಣಿವೆ, ಕ್ಯಾಂಪ್ 4,350 ಮೀ. ಉರುಸ್, ಆಮೇಲೆ 5,530 ಮೀ.ನ ಇಶಿಂಕಾ. ಥ್ರೆಡ್ಡನ್ನು ನಿಜವಾದ ಹಿಮನದಿಯಲ್ಲಿ ಕಟ್ಟಿ ನೋಡುವ ಕೊನೆಯ ಅವಕಾಶ.
ದಿನ 11-12: ಹುವಾರಾಸ್, ವಿಶ್ರಾಂತಿ, ಖರೀದಿ.
ದಿನ 13: ಕರಾಸ್ ಮೂಲಕ ಕಶಪಂಪಾ, 2,900 ಮೀ. ಅರಿಯೆರೊ, ಅಂದರೆ ಕತ್ತೆಯವನು, ಇಲ್ಲಿ ಕೂಡಿಕೊಳ್ಳುತ್ತಾನೆ. ಕತ್ತೆಗೆ ಸುಮಾರು 40 ಕೆ.ಜಿ., ಮೂರು ಕತ್ತೆ. ಸಂಜೆಗೆ ಲಾಮಾಕೊರ್ರಾಲ್, 3,760 ಮೀ.
ದಿನ 14: ಬೇಸ್ ಕ್ಯಾಂಪ್, 4,300 ಮೀ.
ದಿನ 15: ಅರ್ಧ ಹೊರೆ ಮೊರೇನ್ (ಹಿಮನದಿ ತಂದು ರಾಶಿ ಹಾಕಿದ ಕಲ್ಲುಮಣ್ಣು) ಕ್ಯಾಂಪಿಗೆ, 4,900 ಮೀ., ಮರಳಿ ಬೇಸ್.
ದಿನ 16: ಮೊರೇನಿನಲ್ಲಿ ನಿದ್ದೆ.
ದಿನ 17: ಬಿರುಕುಗಳ ಹಿಮನದಿ ದಾಟಿ ಅಲ್ಪಮಾಯೊ-ಕಿತಾರಾಹು ನಡುವಿನ ಕಾಲ್ ಏರಿ, ಆಚೆ ಸ್ವಲ್ಪ ಇಳಿದು ಕ್ಯಾಂಪ್.
ದಿನ 18: ತುದಿ. 19, 20 ಮೀಸಲು.
ದಿನ 21-22: ಇಳಿದು ಕಶಪಂಪಾ. ಉಳಿದದ್ದು ವಾಪಸ್ ಪ್ರಯಾಣ.

15ನೆಯ ದಿನದ ಹೊರೆ ಯಾಕೆ? ಟೆಂಟ್ 2.3, ಹಗ್ಗ 5, ಸ್ಕ್ರೂ 1.4, ಪಿಕೆಟ್ 2, ಹುರಿ-ಕ್ಯಾರಬೀನರ್ 1.8, ಒಲೆ-ಪಾತ್ರೆ 0.9, ಗ್ಯಾಸ್ 1.5, ಊಟ 5.6, ಸಲಿಕೆ 0.7, ಔಷಧಿ-ರಿಪೇರಿ 1 ಕೆ.ಜಿ.: ಒಟ್ಟು 22. ಇಬ್ಬರಿಗೆ ಹಂಚಿದರೆ 11, ಸ್ವಂತದ್ದು ಇನ್ನು 10. ಬೆನ್ನಲ್ಲಿ 21 ಕೆ.ಜಿ. ಹೊತ್ತು ಕಾಲ್‌ನ ಕೊನೆಯ ಕಡಿದಾದ ಹಿಮ ಹತ್ತುವವರು ಮರುದಿನ ಗೋಡೆ ಹತ್ತುವುದಿಲ್ಲ. ಎರಡು ಸಲ ಹೊರಬೇಕು, ಇಲ್ಲವೇ ಹುವಾರಾಸ್‌ನ ಗೈಡ್‌ಗಳ ಕಚೇರಿ ಕಾಸಾ ದೆ ಗಿಯಾಸ್ ಮೂಲಕ ಪೋರ್ಟರ್ ಗೊತ್ತುಮಾಡಬೇಕು. ಬೇಸ್ ಕ್ಯಾಂಪಿನಲ್ಲಿ ಟೆಂಟ್ ಕಾಯಲು ಒಬ್ಬರು ಬೇಕೇ ಬೇಕು, ಸಾಮಾನು ಕಾಣೆಯಾಗುವುದುಂಟು.

ಔಷಧಿ, ವೈದ್ಯರ ಸಲಹೆಯೊಂದಿಗೆ: ಅಸೆಟಜೋಲಮೈಡ್ 125 ಮಿ.ಗ್ರಾಂ ದಿನಕ್ಕೆರಡು ಸಲ, ಸಲ್ಫಾ ಅಲರ್ಜಿ ಇದ್ದವರು ಮೊದಲೇ ಹೇಳಬೇಕು. ಮಿದುಳಿನ ಊತಕ್ಕೆ ಡೆಕ್ಸಾಮೆಥಾಸೋನ್, ಶ್ವಾಸಕೋಶದ ನೀರಿಗೆ ನಿಧಾನ ಬಿಡುಗಡೆಯ ನಿಫೆಡಿಪಿನ್. ಇವು ಇಳಿಯಲು ಸಮಯ ಕೊಳ್ಳುವ ಮದ್ದು, ಹತ್ತಲು ಅಲ್ಲ. ನೇರ ಗೆರೆಯಲ್ಲಿ ಹಿಮ್ಮಡಿಗೆ ಹೆಬ್ಬೆರಳಿಟ್ಟು ನಡೆಯಲು ಆಗದವರನ್ನು ಆ ರಾತ್ರಿಯೇ ಇಳಿಸಬೇಕು. ಕಾಲ್ ಕ್ಯಾಂಪಿನ ತೊಡಕು ಇಲ್ಲೇ: ಅಲ್ಲಿಂದ ಇಳಿಯಲು ಮೊದಲು ಕಾಲ್‌ಗೆ ಹತ್ತಬೇಕು. ಮೊರೇನಿನಲ್ಲಿ ತಲೆನೋವು ಇರುವವರು ಅಲ್ಲಿಂದ ಮುಂದೆ ಹೋಗದಿರಲು ಈ ಒಂದು ಕಾರಣವೇ ಸಾಕು.

ಬಾಕಿ ಕೆಲಸ

ಪಿಕೆಟ್ ಪರೀಕ್ಷೆ: ಉದ್ದದಿಂದ ಒಂದು ತುಂಡು, ಮರಳಿನಲ್ಲಿ.
ಥ್ರೆಡ್ ಅಭ್ಯಾಸ: ಒಬ್ಬರಿಗೆ 30ರಲ್ಲಿ ಕತ್ತಲೆಯ 10 ಬಾಕಿ.
ಹುರಿ: 20 ಮೀ. ಕತ್ತರಿಸದೆ ಒಯ್ಯುವುದು, ಚಾಕು ಇಬ್ಬರ ಹಾರ್ನೆಸ್‌ನಲ್ಲೂ.
ಲಸಿಕೆ: ತಾರೀಖು ಗೊತ್ತುಮಾಡುವುದು.
ಕಿತಾರಾಹು, 6,036 ಮೀ.: ಮೀಸಲು ದಿನ ಉಳಿದರೆ ಎಂಬ ಸಾಲನ್ನು ಯೋಜನೆಯಿಂದ ಹೊಡೆದುಹಾಕುವುದು. ಮೀಸಲು ದಿನ ಅಲ್ಪಮಾಯೊದ್ದು, ಗ್ಯಾಸ್ ಕೂಡ ಅಷ್ಟಕ್ಕೇ ಇದೆ.